ಒಂಬತ್ತನೇ ಕಂತಿನ ಹಾಜರಿ

ಅವರನ್ನು ನಾನು ಬಲ್ಲದ್ದು ಹನ್ನೊಂದು ತಿಂಗಳು ಮಾತ್ರ. ಹೋದ ತಿಂಗಳು ನವನಗರದ ಅವರ ಮನೆಯಲ್ಲಿ, ಬೆಳಗಿನ ಚಹಾ ಕುಡಿದು ಕಪ್ಪನ್ನು ಕೆಳಗಿಟ್ಟ ಮೇಲೆ, ಕುರ್ಚಿಯಲ್ಲೇ ತೀರಿಕೊಂಡರು. ಸುದ್ದಿ ಹೇಳಲು ಫೋನ್ ಮಾಡಿದ ಅವರ ಹೆಂಡತಿ ಮೊದಲು ಹೇಳಿದ್ದು ವೇಳೆಯನ್ನು. "ಆರು ನಲವತ್ತಕ್ಕ ಹೋದ್ರು ನೋಡ್ರಿ ಅಕ್ಕಾರ. ನಾ ಗಡಿಯಾರ ನೋಡೇನಿ. ನೋಡದಿದ್ರ ಅವ್ರು ಬೈತಿದ್ರು," ಎಂದರು. ಆಮೇಲೆ ಅತ್ತರು.

ಹೆಸರು ಬರೆಯುವುದಿಲ್ಲ. ನಾವು ಮಾಡಿದ ಟಿವಿ ಧಾರಾವಾಹಿಯ ಕೊನೆಗೆ ಓಡುವ ಹೆಸರುಗಳ ಸಾಲಿನಲ್ಲೂ ಅವರು ತಮ್ಮದನ್ನು ಬೇಡವೆಂದಿದ್ದರು. ಹುಬ್ಬಳ್ಳಿಯಲ್ಲಿ ಈಗಿಲ್ಲದ ಒಂದು ಬಟ್ಟೆ ಗಿರಣಿಯಲ್ಲಿ ಅವರು ಟೈಮ್‌ಕೀಪರ್ ಆಗಿದ್ದರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಕಣ್ಣಾರೆ ಕಂಡದ್ದನ್ನೂ ಬೇರೆಯವರಿಂದ ಕೇಳಿದ್ದನ್ನೂ ಬೇರೆ ಬೇರೆ ಇಡುವುದು ನನ್ನ ಅಭ್ಯಾಸ. ಇಲ್ಲಿಯೂ ಹಾಗೆ ಇಡಲು ನೋಡುತ್ತೇನೆ. ಒಂದು ತಪ್ಪು ಮಾತ್ರ ಸ್ವತಃ ನನ್ನದು. ಅದನ್ನು ಇಡಲು ಬೇರೆ ಜಾಗವಿಲ್ಲ.

ಅವರು ನಮ್ಮ ನಡುವೆ ಬಂದದ್ದು ಒಂದು ಗಡಿಯಾರದ ಜೊತೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಧಾರವಾಡದಲ್ಲೇ ಇದ್ದುಕೊಂಡು ಒಂದು ಖಾಸಗಿ ವಾಹಿನಿಗೆ ವೈಜ್ಞಾನಿಕ ಧಾರಾವಾಹಿ ಮಾಡಲು ಹೊರಟಿದ್ದ. ಹದಿಮೂರು ಕಂತುಗಳು, ಪ್ರತಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ನಿರ್ದೇಶನ ಅವನದು, ಬರವಣಿಗೆ ನನ್ನದು. ಕಥೆಯಲ್ಲಿ ಒಬ್ಬ ಹುಡುಗಿ ಹಿಂದಿನ ಕಾಲಕ್ಕೆ ಹೋಗಿ ಬರುತ್ತಾಳೆ. ಹಾಗೆ ಹೋದಾಗ ಒಂದೇ ಒಂದು ಸಂಗತಿಯನ್ನು ಬದಲಿಸಬಹುದು, ಎರಡನೆಯದನ್ನು ಮುಟ್ಟುವಂತಿಲ್ಲ. ಇದು ನಾನು ಮಾಡಿದ ನಿಯಮ. ಶಿರಗುಪ್ಪಿ ಕಡೆಯ ರಸ್ತೆಯಲ್ಲಿ ಕೆಲಸ ನಿಂತುಹೋಗಿದ್ದ ಒಂದು ಹತ್ತಿ ಕಾರ್ಖಾನೆ ನಮ್ಮ ಚಿತ್ರೀಕರಣದ ಜಾಗ. ಅಲ್ಲಿ ಹತ್ತಿಯ ಅಂಡಿಗೆಗಳನ್ನು ತೂಗುತ್ತಿದ್ದ ದೊಡ್ಡ ಕಾಟಾ ನಮ್ಮ ಕಾಲಯಂತ್ರ. ಹುಡುಗಿ ಅದರ ಹಲಗೆಯ ಮೇಲೆ ನಿಂತರೆ ಮುಳ್ಳು ತೂಕದ ಬದಲು ವರ್ಷ ತೋರಿಸುತ್ತಿತ್ತು.

ಗೋಡೆಗೆ ಹಾಕಲು ಹಳೆಯ ಗಡಿಯಾರವೊಂದು ಬೇಕಾಗಿತ್ತು. ರಿಪೇರಿ ಅಂಗಡಿಯವನೊಬ್ಬ ಕಾಕಾರ ಹೆಸರು ಹೇಳಿದ. ಅವರು ಗಡಿಯಾರವನ್ನು ಚಾದರಿನಲ್ಲಿ ಸುತ್ತಿ, ಕೂಸನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಬಂದರು. ಬಿಳಿ ಧೋತರ, ತೋಳು ಮಡಚದ ಅಂಗಿ, ಕಿಸೆಯಲ್ಲಿ ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು. ಮುಂಗೈಯಲ್ಲಿ ಗಡಿಯಾರವಿರಲಿಲ್ಲ. ನಾನು ಆಶ್ಚರ್ಯಪಟ್ಟಾಗ ಹೇಳಿದರು: "ಕೈಗಡಿಯಾರ ಅವರವರದು ರಿ. ಗ್ವಾಡಿ ಗಡಿಯಾರ ಎಲ್ಲಾರದೂ." ಗಡಿಯಾರವನ್ನು ಗೋಡೆಗೆ ಹಾಕಿ ಅವರು ಹೊರಟುಹೋಗುತ್ತಾರೆಂದುಕೊಂಡಿದ್ದೆವು. ಅವರು ಅದರ ಕೆಳಗೊಂದು ಕುರ್ಚಿ ಹಾಕಿಸಿಕೊಂಡು ಕೂತರು.

ಕಾಟಾವನ್ನು ಒಂದು ಸುತ್ತು ಹಾಕಿ ನೋಡಿದ್ದರು. "ಇದರ ಮ್ಯಾಲೆ ನಿಂತ್ರ ಹಿಂದಿನ ಕಾಲಕ್ಕ ಹೋಗತಾರಂತ?" ಎಂದು ಕೇಳಿದರು.

"ಹೌದ್ರಿ ಕಾಕಾ," ಎಂದ ನಿರ್ದೇಶಕ.

"ಹತ್ತಿ ವ್ಯಾಪಾರಸ್ಥರು ದಿನಾ ನಿಂದರತಿದ್ರಲ್ಲೋ ಮಾರಾಯಾ. ಒಬ್ರೂ ಸಣ್ಣಾವರಾಗಿದ್ದು ನಾ ನೋಡಲಿಲ್ಲ."

ಎರಡನೆಯ ದಿನ ಒಂದೇ ಕೋಣೆಯಲ್ಲಿ ಒಂದೇ ದೃಶ್ಯವನ್ನು ಎರಡು ಸಲ ತೆಗೆಯುವುದಿತ್ತು. ಮೊದಲು ಎಲ್ಲ ಸಹಜವಾಗಿ ನಡೆಯುತ್ತದೆ. ಆಮೇಲೆ ಹುಡುಗಿ ನಾಲ್ಕು ನಿಮಿಷ ಹಿಂದಕ್ಕೆ ಬಂದು ಅದೇ ನಾಲ್ಕು ನಿಮಿಷವನ್ನು ಮೂಲೆಯಲ್ಲಿ ನಿಂತು ನೋಡುತ್ತಾಳೆ. ಎರಡನೆಯ ಸಲ ಕ್ಯಾಮೆರಾ ಓಡುತ್ತಿದ್ದಾಗಲೇ ಗಡಿಯಾರದ ಕೆಳಗಿನಿಂದ ದನಿ ಬಂತು: "ತಡೀರಿ."

ಎಲ್ಲರೂ ತಿರುಗಿದೆವು.

"ಆ ವಾಚಮನ್ ಮೊದಲನೇ ಸಲ ಚಹಾದ ಬಸಿ ಎಡಗೈಯಾಗ ಹಿಡದಿದ್ದ. ಈಗ ಬಲಗೈಯಾಗ ಹಿಡದಾನ. ವ್ಯಾಳ್ಯಾ ಒಂದ, ಕೈ ಬ್ಯಾರೆ ಹೆಂಗಾತು?"

ನಿರ್ದೇಶಕ ನಕ್ಕ. "ಕಾಕಾ, ಟಿವಿ ನೋಡೋರು ಇಷ್ಟೆಲ್ಲಾ ನೋಡಂಗಿಲ್ರಿ."

"ನೋಡಂಗಿಲ್ಲ ಅಂದ್ರ ಮತ್ಯಾಕ ತೋರಸ್ತೀರಿ?"

ಮರುದಿನದಿಂದ ಅವರು ನಮ್ಮ ಕೆಲಸದವರಾದರು. ಎರಡು ಸಲ ತೆಗೆಯುವ ದೃಶ್ಯಗಳಲ್ಲಿ ಯಾವುದೂ ಹೆಚ್ಚುಕಡಿಮೆಯಾಗದಂತೆ ನೋಡಿಕೊಳ್ಳುವುದು ಅವರ ಕೆಲಸ. ಬೇರೆ ಕಡೆ ಇದಕ್ಕೆ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ. ಕಾಕಾ ಗಿರಣಿಯ ಹಾಜರಿ ಪುಸ್ತಕದ ಮಾದರಿಯಲ್ಲೇ ಒಂದು ಉದ್ದ ವಹಿಯಲ್ಲಿ ಗೆರೆ ಎಳೆದರು. ಅಡ್ಡ ಸಾಲಿನಲ್ಲಿ ದೃಶ್ಯಗಳು. ಉದ್ದ ಸಾಲಿನಲ್ಲಿ ಆ ದೃಶ್ಯದಲ್ಲಿರುವವರೆಲ್ಲ: ಹುಡುಗಿ, ವಾಚಮನ್, ಕೊಡ, ಬಸಿ, ಕಿಟಕಿಯ ಎಡ ಬಾಗಿಲು, ಕಿಟಕಿಯ ಬಲ ಬಾಗಿಲು. ಇದ್ದರೆ ನೀಲಿಯಲ್ಲಿ 'ಹಾ', ಇಲ್ಲದಿದ್ದರೆ ಕೆಂಪಿನಲ್ಲಿ 'ಗೈ'. ಅಂಗಳದಲ್ಲಿ ಮಲಗಿರುತ್ತಿದ್ದ ಕಂದು ನಾಯಿಗೂ ಒಂದು ಸಾಲು ಇತ್ತು. ಒಂದು ಮಧ್ಯಾಹ್ನ ನಾಯಿ ಗೈರುಹಾಜರಾಯಿತು. ಇಡೀ ತಂಡ ಮುಕ್ಕಾಲು ತಾಸು ಅದನ್ನು ಹುಡುಕಿತು. ಸಿಕ್ಕಮೇಲೆ ಕಾಕಾ ಅದಕ್ಕೆ 'ಹಾ' ಹಾಕಲಿಲ್ಲ. ಕೆಂಪು 'ಗೈ'ಯ ಪಕ್ಕದಲ್ಲಿ 'ತಡವಾಗಿ ಹಾಜರು' ಎಂದು ಬರೆದು ವೇಳೆ ಹಾಕಿದರು.

ಅವರದೊಂದು ಚರ್ಯೆಯನ್ನು ನಾನು ಮೊದಲ ವಾರದಲ್ಲೇ ಗಮನಿಸಿದ್ದೆ. ಯಾರಾದರೂ ತಡವಾಗಿ ಬಂದರೆ ಕಾಕಾ ಅವರ ಕಡೆ ನೋಡುತ್ತಿರಲಿಲ್ಲ. ಕತ್ತು ಎತ್ತಿ ಗಡಿಯಾರ ನೋಡುತ್ತಿದ್ದರು, ಬರೆಯುತ್ತಿದ್ದರು, ಅಷ್ಟೆ. ಪಾತ್ರ ಮಾಡುವ ಹುಡುಗಿ ಒಮ್ಮೆ ಏದುಸಿರು ಬಿಡುತ್ತ ಬಂದು, "ಕಾಕಾ, ಬಸ್ ಸಿಗಲಿಲ್ರಿ, ಖರೇನ," ಎಂದಳು.

"ಇದರಾಗ ಬಸ್ಸಿನ ಹೆಸರು ಇಲ್ಲವಾ, ನಿಂದಷ್ಟ ಐತಿ," ಎಂದರು, ಗಡಿಯಾರದಿಂದ ಕಣ್ಣು ಕೀಳದೆ.

"ಮಾರಿ ನೋಡಿ ಆದ್ರೂ ಬೈರಲಾ."

"ಮಾರಿ ನೋಡಿದ್ರ ಕೈ ತಪ್ಪತೈತಿ."

ಆ ಮಾತನ್ನು ನಾವು ತಮಾಷೆ ಎಂದುಕೊಂಡೆವು.

ಅವರ ಮನೆಗೆ ನಾನು ನಾಲ್ಕೈದು ಸಲ ಹೋಗಿದ್ದೇನೆ. ಕಾಕು ಜೋರಿನ ಹೆಂಗಸು. "ಇವರ ಕಾಲಾಗ ಅನ್ನಾನೂ ವ್ಯಾಳ್ಯಾಕ್ಕ ಕುದೀಬೇಕ್ರಿ ಅಕ್ಕಾರ. ಮದಿವಿ ದಿನಾ ಅಕ್ಷತಾ ಎರಡು ನಿಮಿಷ ಮುಂಚೆ ಬಿತ್ತಂತ ಇನ್ನೂ ಅಂತಾರ," ಎನ್ನುತ್ತಿದ್ದರು. ಕಾಕಾ ಒಳಗಿನಿಂದಲೇ ತಿದ್ದುತ್ತಿದ್ದರು: "ಎರಡಲ್ಲ, ಮೂರು." ಮಕ್ಕಳಿಲ್ಲದ ಮನೆ. ಇಬ್ಬರೂ ಸದಾ ಒಬ್ಬರ ಮಾತನ್ನೊಬ್ಬರು ತಿದ್ದುತ್ತ, ಸುಖವಾಗಿದ್ದರು.

ಇನ್ನು ಮುಂದಿನದನ್ನು ನಿಧಾನವಾಗಿ ಬರೆಯಬೇಕು.

ಎಂಟನೆಯ ಕಂತು ತೆಗೆಯುತ್ತಿದ್ದಾಗ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬೇವಿನ ಮರದ ಕೆಳಗೆ ಕಾಕಾ, ನಿರ್ದೇಶಕ, ನಾನು ರೊಟ್ಟಿ ತಿನ್ನುತ್ತ ಕೂತಿದ್ದೆವು. ಗಿರಣಿಯಲ್ಲಿ ತಡವಾಗಿ ಬಂದವರನ್ನು ಏನು ಮಾಡುತ್ತಿದ್ದಿರಿ ಎಂದು ನಿರ್ದೇಶಕ ಕೇಳಿದ. ಸುಮ್ಮನೆ ಕೇಳಿದ್ದು. ಕಾಕಾ ಹೇಳಿದ್ದನ್ನು ನನಗೆ ನೆನಪಿರುವಷ್ಟೂ ಅವರ ಮಾತಿನಲ್ಲೇ ಕೊಡುತ್ತೇನೆ.

"ಏಳಕ್ಕ ಗಿರಣಿ ಭೋಂಗಾ ಕೂಗತಿತ್ತು. ಊರಿಗೆಲ್ಲಾ ಕೇಳತಿತ್ತು. ಏಳು ಐದರ ತನಕಾ ಸವಲತ್ತು. ಆಮ್ಯಾಲೆ ದೊಡ್ಡ ಗೇಟಿನಾಗಿನ ಸಣ್ಣ ಬಾಗಲಾ ಹಾಕೂದು. ತಡಾ ಆದಾವ್ರು ಮನಿಗೆ ಹೋಗಬೇಕು. ಯಾರಿಗೂ ತಗೀಲಿಲ್ಲ. ನಮ್ಮಪ್ಪಗೂ ತಗೀಲಿಲ್ಲ, ಅಂವಾ ಅಲ್ಲೇ ಕೆಲಸಾ ಮಾಡತಿದ್ದ. ಒಬ್ಬಗ ತಗದೆ. ನಮ್ಮ ಚಾಳದಾಂವನ, ಗ್ವಾಡಿಗೆ ಗ್ವಾಡಿ ಹತ್ತಿದ ಮನಿ, ಜೋಡಿ ಬೆಳದಾಂವ. ಏಳು ಹನ್ನೊಂದಕ್ಕ ಓಡಿಕೋತ ಬಂದ. ಬಾಗಲಾ ಸಂದಿನಾಗ ನನ್ನ ನೋಡಿ ನಕ್ಕ. ತಗದೆ. ವಹಿಯಾಗ ಏಳು ಐದು ಅಂತ ಬರದೆ. ಹತ್ತು ಐವತ್ತಕ್ಕ ಗೋದಾಮಿನಾಗ ಅಂಡಿಗಿ ಕುಸದು ಅವನ ಮ್ಯಾಲೆ ಬಿದ್ದೂವು." ರೊಟ್ಟಿಯನ್ನು ಕೆಳಗಿಟ್ಟು, "ಅಷ್ಟ ರಿ," ಎಂದರು. ಎದ್ದು ಕೈ ತೊಳೆಯಲು ಹೋದರು. ಒಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಘಟನೆ ನಡೆದು ನಲವತ್ತು ವರ್ಷದ ಮೇಲಾಗಿತ್ತು.

ಆ ವಾರ ನನ್ನ ಬಳಿ ಒಂಬತ್ತನೆಯ ಕಂತಿಗೆ ಕಥೆ ಇರಲಿಲ್ಲ. ಎರಡು ದಿನ ಕೂತು ಬರೆದೆ. ಗಿರಣಿಯ ಬದಲು ಬೇರೊಂದು ಕಾರ್ಖಾನೆ. ಭೋಂಗಾದ ಬದಲು ಗಂಟೆ. ಬಾಗಿಲು ಕಾಯುವವನು ಗೆಳೆಯನಿಗೆ ಬಾಗಿಲು ತೆಗೆಯುತ್ತಾನೆ, ಗೆಳೆಯ ಒಳಗೆ ಹೋಗಿ ಸಾಯುತ್ತಾನೆ. ನಮ್ಮ ಹುಡುಗಿ ಕಾಟಾದ ಮೇಲೆ ನಿಂತು ಆ ಬೆಳಗಿಗೆ ಹೋಗುತ್ತಾಳೆ. ಒಂದೇ ಒಂದು ಸಂಗತಿಯನ್ನು ಬದಲಿಸುತ್ತಾಳೆ: ಬಾಗಿಲು ತೆಗೆಯಲು ಹೋದ ಕೈಯನ್ನು ಹಿಡಿಯುತ್ತಾಳೆ. ಬಾಗಿಲು ತೆರೆಯುವುದಿಲ್ಲ. ಗೆಳೆಯ ಹೊರಗೆ ನಿಂತು ಬೈಯುತ್ತಾನೆ, ಡಬ್ಬಿ ಬೀಸುತ್ತ ತಿರುಗಿ ಹೋಗುತ್ತಾನೆ, ಉಳಿಯುತ್ತಾನೆ.

ಕಾಕಾರಿಗೆ ಇದೊಂದು ಸಮಾಧಾನವಾಗುತ್ತದೆಂದು ನಾನು ನಂಬಿದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಗೆ ನಂಬಿದ್ದು ನಿಜ. ಅವರನ್ನು ಕೇಳಲಿಲ್ಲ. ನಾನು ಬರೆದದ್ದನ್ನು ಅವರು ಮೊದಲೇ ಓದುತ್ತಲೂ ಇರಲಿಲ್ಲ. "ಆದದ್ದನ್ನ ಬರ್ಕೋತೀನಿ, ಆಗೂದು ನನಗ್ಯಾಕ?" ಎನ್ನುತ್ತಿದ್ದರು.

ಆ ದೃಶ್ಯ ತೆಗೆದ ದಿನ ಅವರು ಎಂದಿನಂತೆ ಗಡಿಯಾರದ ಕೆಳಗೆ ಕೂತಿದ್ದರು. ಮೊದಲ ಸಲ ಬಾಗಿಲು ತೆರೆಯಿತು, ಗೆಳೆಯನ ಪಾತ್ರದವನು ಒಳಗೆ ಬಂದ. ಕಾಕಾ ನೀಲಿಯಲ್ಲಿ 'ಹಾ' ಬರೆದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಪೆನ್ನು ನಿಂತದ್ದನ್ನು ಕಂಡೆ. ಎರಡನೆಯ ಸಲ ಹುಡುಗಿ ಬಂದು ಕೈ ಹಿಡಿದಳು. ಬಾಗಿಲು ಮುಚ್ಚಿಯೇ ಉಳಿಯಿತು. ಪಾತ್ರದವನು ಬೈದು ಹೊರಟುಹೋದ. ನಿರ್ದೇಶಕ "ಓಕೆ" ಎಂದ. ಕಾಕಾ ವಹಿಯ ಮೇಲೆ ಪೆನ್ನು ಹಿಡಿದು ನನ್ನ ಕಡೆ ನೋಡಿದರು. ಗಡಿಯಾರದ ಕಡೆಯಲ್ಲ, ನನ್ನ ಮುಖದ ಕಡೆ.

"ಅಕ್ಕಾರ, ಇವಂಗ ಏನ ಬರೀಲಿ?"

"ಗೈರುಹಾಜರಿ ಬರೀರಿ ಕಾಕಾ. ಅದಕ್ಕ ಉಳದ್ನಲ್ಲ," ಎಂದೆ. ನಕ್ಕೆ ಕೂಡ.

ಅವರು ಕೆಂಪು ಪೆನ್ನು ತೆಗೆದು ಬರೆದರು. ವಹಿ ಮುಚ್ಚಿದರು. ಸಂಜೆ ಎಲ್ಲರಿಗೂ "ಬರ್ತೀನ್ರಿ" ಹೇಳಿ ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರನೆಯ ದಿನ ನಾನು ನವನಗರಕ್ಕೆ ಹೋದೆ. ಕಾಕು ಬಾಗಿಲಲ್ಲೇ ತಡೆದರು. ಅವರ ದನಿಯಲ್ಲಿ ಜೋರಿರಲಿಲ್ಲ. "ಭಾಳ ವರ್ಷ ಅವರು ನಿದ್ದಿಯೊಳಗ ಆ ಬಾಗಲಾ ತಗೀತಿದ್ರು ಅಕ್ಕಾರ. ನಿಮ್ಮ ಕಡೆ ಬರಾಕತ್ತ ಮ್ಯಾಲೆ ಛಲೋ ನಿದ್ದಿ ಮಾಡತಿದ್ರು. ಈಗ ಮತ್ತ ಶುರು ಆಗೇತಿ," ಎಂದರು. ಆಮೇಲೆ ಒಳಗೆ ಬಿಟ್ಟರು.

ಕಾಕಾ ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಚಹಾ ತರಿಸಿದರು, ತಾವು ಬಸಿಗೆ ಸುರಿದುಕೊಂಡು ಆರಿಸಿ ಕುಡಿದರು. ಆಮೇಲೆ ಮಾತಾಡಿದರು.

"ನೀವು ಕೆಟ್ಟದ್ದ ಮಾಡೀರಿ ಅನ್ನಂಗಿಲ್ಲ. ಆದ್ರ ನೋಡ್ರಿ, ಆ ಹುಡುಗಿ ಬಾಗಲಾ ಮುಚ್ಚಿಸಿದ ಕೂಡ್ಲೆ ಅಂವಾ ಉಳದ. ಅಂದ್ರ ಏನಾತು? ಬಾಗಲಾ ತಗದಾಂವನೇ ಕೊಂದಾಂವ ಅಂತ ಆತು. ನನ್ನಷ್ಟಕ್ಕ ನಾ ಅನ್ಕೊಂಡಿದ್ದು ಬ್ಯಾರೆ. ನೀವು ಕಲತಾವ್ರು, ಲೆಕ್ಕಾ ಮಾಡಿ ತೋರಿಸಿದ್ರಿ."

"ನಾ ಹಂಗ ಅಂದಿದ್ದಿಲ್ರಿ ಕಾಕಾ," ಎಂದೆ.

"ಅಂದಿದ್ದಿಲ್ಲ. ಆದ್ರ ತೋರಿಸಿದ್ರಿ." ಬಸಿಯನ್ನು ಕೆಳಗಿಟ್ಟರು. "ನಂದು ಇರಲಿ. ಅವನ ಹೆಂಡತಿ ಉಪ್ಪಿನಬೆಟಗೇರ್ಯಾಗ ಅದಾಳ, ತಮ್ಮನ ಮನ್ಯಾಗ. ನನಗ ಅಣ್ಣಾ ಅಂತಾಳ. ವರ್ಷಾ ನಾಗರಪಂಚಮಿಗೆ ಕುಬಸದ ಖಣಾ ಒಯ್ದು ಕೊಟ್ಟು, ಆಕಿ ಕೈಯಾಗಿನ ಉಂಡಿ ತಿಂದು ಬರತೇನಿ. ಆಕಿಗೆ ಗೊತ್ತಿಲ್ಲ."

"ಏನು ಗೊತ್ತಿಲ್ರಿ?"

"ಅಂವಾ ತಡಾ ಆಗಿ ಬಂದದ್ದು. ನಾ ತಗದದ್ದು. ವಹಿಯಾಗ ಏಳು ಐದು ಐತಿ. ಅಂವಾ ಸತ್ತದ್ದಕ್ಕ ಚೌಕಶಿ ಮಾಡಾಕ ಬಂದಾವ್ರೂ ಅದನ್ನ ನೋಡಿ ಹೋದ್ರು. ನಾ ಯಾರಿಗೂ ಹೇಳಲಿಲ್ಲ, ಇವಳಿಗೆ, ಆಮ್ಯಾಲೆ ನಿಮಗ ಬಿಟ್ರ." ಒಳಗಿನ ಕಡೆ ಗೋಣು ಹಾಕಿದರು. "ಆಕಿ ನಿಮ್ಮ ಧಾರಾವಾಹಿ ಪ್ರತಿ ವಾರ ನೋಡತಾಳ. ನಾನ ಹೇಳೇನಿ ನೋಡಂತ. ಬರೂ ಐತವಾರ ಇದನ್ನ ನೋಡತಾಳ. ನೋಡಿದ ಮ್ಯಾಲೆ ಆಕಿಗೆ ತಿಳಿಯಂಗಿಲ್ಲೇನು?"

ನಾನು ಅಲ್ಲಿಂದಲೇ ನಿರ್ದೇಶಕನಿಗೆ ಫೋನ್ ಮಾಡಿದೆ. ಅವನು, ವಾಹಿನಿಯವರ ಕೈಕಾಲು ಹಿಡಿದಾದರೂ ಒಂಬತ್ತನೆಯ ಕಂತನ್ನು ತಡೆಯುತ್ತೇನೆ, ಆ ವಾರ ಹಳೆಯ ಕಂತೊಂದನ್ನು ಮತ್ತೆ ಹಾಕಿಸುತ್ತೇನೆ, ಕಾಕಾ ಹೂಂ ಎನ್ನಲಿ, ಎಂದ. ನಾನು ಅದನ್ನೇ ಕಾಕಾರಿಗೆ ಹೇಳಿದೆ.

ಅವರು ಗೋಣು ಅಲ್ಲಾಡಿಸಿದರು. "ಬ್ಯಾಡ. ಒಂದ ಸಲ ವಹಿಯಾಗ ಸುಳ್ಳ ಬರದೇನಿ. ಎರಡನೇ ಸಲ ಬ್ಯಾಡ. ಆಕಿಗೆ ಟಿವಿ ಹೇಳೂಕ್ಕಿಂತ ಮೊದಲ ನಾ ಹೇಳತೇನಿ." ಆಮೇಲೆ, ಕೇಳಬಾರದ್ದನ್ನು ಕೇಳುವವರ ಹಾಗೆ, "ನೀವೂ ಬರ್ತೀರೇನು?" ಎಂದರು.

ಅಂದು ಮಂಗಳವಾರ. ಬುಧವಾರ ಹೋಗೋಣವೆಂದರು. ಬುಧವಾರ ಕಾಕುವಿಗೆ ತಲೆನೋವು ಎಂದರು. ಗುರುವಾರ ಬಸ್ಸಿನ ವೇಳೆ ಸರಿಯಿಲ್ಲ ಎಂದರು. ಶುಕ್ರವಾರ ಫೋನು ಎತ್ತಲಿಲ್ಲ. ಶನಿವಾರ ಕಾಕು ಎತ್ತಿ, "ಸ್ನಾನದ ಮನಿಯಾಗ ಅದಾರ, ಒಂದು ತಾಸಾತು," ಎಂದರು. ಜನರ ಆರನೆಯ ನಿಮಿಷವನ್ನು ಕ್ಷಮಿಸದ ಮನುಷ್ಯ ದಿನದ ಮೇಲೆ ದಿನ ಮುಂದೆ ಹಾಕುತ್ತಿದ್ದುದನ್ನು ನಾನು ನೋಡಿದೆ. ಒತ್ತಾಯ ಮಾಡುವ ಅಧಿಕಾರ ನನಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಧಾರವಾಡದ ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಉಪ್ಪಿನಬೆಟಗೇರಿ ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷವಿತ್ತು. ತಮ್ಮನ ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಆ ಹೆಂಗಸು ಕಟ್ಟೆಯ ಮೇಲೆ ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದರು. ಸಣ್ಣ ಆಳು, ಬಿಳಿಯ ಕೂದಲನ್ನು ಬಿಗಿಯಾಗಿ ಕಟ್ಟಿದ್ದರು.

"ಯಾಕಣ್ಣಾ, ಪಂಚಮಿ ಇನ್ನ ದೂರ ಐತಿ?" ಎಂದರು. ನನ್ನ ಕಡೆ ನೋಡಿ, "ಇವ್ರ ಏನು ಕತಿ ಬರ್ಯಾವ್ರು? ಕುಂಡ್ರಿ ರಿ," ಎಂದು ಸರಿದು ಜಾಗ ಮಾಡಿದರು.

ನಾನು ಕೂತೆ. ಕಾಕಾ ಕೂರಲಿಲ್ಲ. ಕಟ್ಟೆಯ ಕೆಳಗೆ ಚಪ್ಪಲಿಯಲ್ಲೇ ನಿಂತು, ಮರದ ಕೆಳಗೆ ನಮಗೆ ಹೇಳಿದ್ದನ್ನೇ ಹೇಳಿದರು. ಅದೇ ಮಾತು, ಅದೇ ಕ್ರಮ. ಒಂದು ಮಾತು ಮಾತ್ರ ಹೊಸದು, ಕೊನೆಯದು: "ನಾ ತಗೀಬಾರದಿತ್ತು ತಂಗಿ."

ಮೊರ ನಿಂತಿರಲಿಲ್ಲ. ಅವರು ಎರಡು ಹರಳು ಆರಿಸಿ ಅಂಗಳಕ್ಕೆ ಎಸೆದರು.

"ಅಣ್ಣಾ," ಎಂದರು, "ಭೋಂಗಾ ಆದಾಗ ಅಂವಾ ಎಲ್ಲಿದ್ದ?"

ಕಾಕಾ ತಲೆ ಎತ್ತಿದರು.

"ನನ್ನ ಒಲಿ ಮುಂದ ಕುಂತಿದ್ದ. ಭೋಂಗಾ ನನಗ ಕೇಳಸಂಗಿಲ್ಲೇನು? ಚಾಳದಾಗ ಎಲ್ಲಾರೂ ಕೇಳ್ಯಾರ. ಅಂವಾ ಎದ್ದ. ಇನ್ನೊಂದು ರೊಟ್ಟಿ ಹಂಚಿನ ಮ್ಯಾಲೆ ಐತಿ, ತಿಂದ ಹೋಗು, ಇಲ್ಲಾ ಇವತ್ತ ಬಿಟ್ಟಬಿಡು ಅಂದೆ. ಬಾಗಲದಾಗ ನಮ್ಮಾಂವ ಅದಾನ, ತಗೀತಾನ, ಅಂತ ಅಂದು ಓಡಿದ." ಮೊರವನ್ನು ತೊಡೆಯ ಮೇಲಿಟ್ಟುಕೊಂಡರು. "ಅಂವಾ ಒಳಗ ಹೋಗ್ಯಾನ ಅಂದ್ರ ನೀ ತಗದೀದಿ. ಇದಕ್ಕ ವಹಿ ಯಾಕ ನೋಡಬೇಕು?"

ಕಾಕಾರ ಮುಖವನ್ನು ನಾನು ಆಗ ನೋಡಿದೆ. ನಲವತ್ತು ವರ್ಷ ಅವರು ಆ ಪುಸ್ತಕದ ಒಂದು ಅಂಕಿಯನ್ನು ಕಾದಿದ್ದರು. ಆ ಅಂಕಿ ಸುಳ್ಳೆಂದು ಇಡೀ ಚಾಳಕ್ಕೆ ಅಂದೇ ಗೊತ್ತಿತ್ತು. ದಿನಾ ಭೋಂಗಾ ಕೂಗುವುದನ್ನು ಕಾಯುತ್ತಿದ್ದ ಮನುಷ್ಯನಿಗೆ ಅದು ಮನೆಮನೆಗೂ ಕೇಳುತ್ತದೆಂಬುದು ಹೊಳೆದಿರಲಿಲ್ಲ.

"ಮತ್ತ ನೀ ಒಂದು ಮಾತೂ ಅನಲಿಲ್ಲಲ್ಲ," ಎಂದರು ಕಾಕಾ. ದನಿ ಸಣ್ಣದಾಗಿತ್ತು.

"ಎರಡು ವರ್ಷ ನಿನಗ ಶಾಪಾ ಹಾಕೇನಿ. ಸುಳ್ಳ ಯಾಕ ಹೇಳಲಿ? ಮಾರಿ ನೋಡಬಾರದು ಅನಸತಿತ್ತು. ನೀನೂ ಬರತಿದ್ದಿಲ್ಲ."

"ಆಮ್ಯಾಲೆ?"

"ಆಮ್ಯಾಲೆ ಏನು? ದಿನಾ ಶಾಪಾ ಹಾಕಾಕ ಪುರಸೊತ್ತು ಬೇಕಲ್ಲಣ್ಣಾ. ನೀ ಖಣಾ ತಗೊಂಡು ಬಂದಿ. ಹಾಳಾಗಿ ಹೋಗಲಿ ಅಂತ ಉಂಡಿ ಕೊಟ್ಟೆ. ಪ್ರತಿ ಪಂಚಮಿಗೆ ಇವತ್ತ ಹೇಳತಾನ, ಇವತ್ತ ಹೇಳತಾನ ಅಂತ ಕಾದೆ. ನೀ ಉಂಡಿ ತಿಂದು ಹೋಗತಿದ್ದಿ." ಅವರು ಎದ್ದರು. ಸೆರಗಿನಿಂದ ಮುಖ ಒರೆಸಿಕೊಂಡರು. "ಚಪ್ಪಲಿ ಬಿಡು. ಒಳಗ ಬಾ. ಹೊತ್ತಾತು, ನಿಮ್ಮ ಕತಿ ಸುರು ಆಗತೈತಿ."

ನಾನು ಅದನ್ನು ನೋಡುವುದು ಬೇಡವೆಂದೆ. ಇಬ್ಬರೂ ನನ್ನ ಮಾತನ್ನು ಕೇಳಿಸಿಕೊಳ್ಳಲಿಲ್ಲ.

ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಆ ಹೆಂಗಸು ಗೋಡೆಗೆ ಒರಗಿ, ಕಾಕಾ ಮೊಣಕಾಲು ಹಿಡಿದುಕೊಂಡು, ನಾನು ಬಾಗಿಲ ಹತ್ತಿರ. ನಾನೇ ಬರೆದದ್ದನ್ನು ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಹೆಚ್ಚು ಹೊತ್ತು ಅವರಿಬ್ಬರನ್ನೇ ನೋಡಿದೆ. ಬಾಗಿಲು ತೆರೆದು ಗೆಳೆಯ ಒಳಗೆ ಹೋದಾಗ ಆ ಹೆಂಗಸು ಕಣ್ಣು ಮುಚ್ಚಿದರು. ಹುಡುಗಿ ಕಾಟಾದ ಮೇಲೆ ನಿಂತು ಹಿಂದಕ್ಕೆ ಹೊರಟಾಗ ತೆರೆದರು. ಬಾಗಿಲು ತೆರೆಯದೆ ಹೋದಾಗ, ಹೊರಗೆ ನಿಂತವನು ಬೈದಾಗ, "ಅಂವಾ ಹಿಂಗ ಬೈಯಾಂವಲ್ಲ," ಎಂದರು. "ನಾನೂ ಅವತ್ತ ಅದನ್ನ ಅನ್ಕೊಂಡೆ," ಎಂದರು ಕಾಕಾ. ಅವನು ಡಬ್ಬಿ ಬೀಸುತ್ತ ರಸ್ತೆಯ ತಿರುವಿನಲ್ಲಿ ಮರೆಯಾದ. ಹುಡುಗಿ ತನ್ನ ಕಾಲಕ್ಕೆ ವಾಪಸು ಬಂದು ನಕ್ಕಳು. ಹೆಸರುಗಳು ಓಡತೊಡಗಿದವು.

ಆ ಹೆಂಗಸು ಪರದೆಯನ್ನೇ ನೋಡುತ್ತಿದ್ದರು. ಜಾಹೀರಾತು ಬಂದ ಮೇಲೂ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಮನಿಗೆ ಬಂದದ್ದು ತೋರಿಸಲೇ ಇಲ್ಲಲ್ರಿ?"

ಬರೆದವಳು ನಾನು. ಒಬ್ಬ ಮನುಷ್ಯನನ್ನು ಸಾವಿನಿಂದ ತಪ್ಪಿಸಿ ರಸ್ತೆಯ ತಿರುವಿನಲ್ಲಿ ಬಿಟ್ಟಿದ್ದೆ. ಅವನಿಗೆ ಒಂದು ಮನೆ ಇದೆ, ಅಲ್ಲಿ ಒಬ್ಬಳು ಒಲೆಯ ಮುಂದೆ ಕೂತಿದ್ದಾಳೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಗೋಡೆಯ ಮೇಲೆ ಗಡಿಯಾರವಿತ್ತು, ಕಾಕಾ ಅದರ ಕಡೆ ನೋಡಲಿಲ್ಲ. ಆ ಹೆಂಗಸಿನ ಮುಖವನ್ನೇ ನೇರವಾಗಿ ನೋಡುತ್ತ, ಬೆರಳು ಮಡಚಿ ಎಣಿಸಿದರು.

"ಗೇಟಿನ ಮುಂದ ಏಳು ಹನ್ನೊಂದು. ಬರೂವಾಗ ಓಡಿ ಬಂದಿದ್ದ, ಒಂಬತ್ತು ನಿಮಿಷ. ತಿರುಗಿ ಹೋಗೂವಾಗ ಯಾರು ಓಡತಾರ? ಹದಿಮೂರು ಹಿಡಿ. ಏಳು ಇಪ್ಪತ್ನಾಕಕ್ಕ ಮನಿ ಮುಟ್ಟಿದ, ತಂಗಿ."

ಆ ಹೆಂಗಸು ಒಳಗಿನ ಒಲೆಯ ಕಡೆ ತಿರುಗಿದರು.

"ಹಂಗಾದ್ರ ಹಂಚು ಇನ್ನ ಬಿಸಿ ಇತ್ತು," ಎಂದರು.